ಇವತ್ತು ರಾತ್ರಿ ಯಾವುದು ಹಾಕೋಣ? ಡಾಕ್ಟರ್ ಹೂ ಕಥೆಗಳಿಗೆ ಅಂಕ ಕೊಡುವ ಕಷ್ಟ

1984ರ ಮಾರ್ಚ್ 16ರ ಶುಕ್ರವಾರ ಸಂಜೆ ಬಿಬಿಸಿಯಲ್ಲಿ 'ಡಾಕ್ಟರ್ ಹೂ' ಸರಣಿಯ 'ದಿ ಕೇವ್ಸ್ ಆಫ್ ಆಂಡ್ರೊಜಾನಿ' ಅನ್ನುವ ಕಥೆಯ ಕೊನೆಯ ಕಂತು ಬಂತು. ಅದಾಗಿ ಆರನೆಯ ದಿನಕ್ಕೆ, ಮಾರ್ಚ್ 22ರ ಗುರುವಾರ, ಮುಂದಿನ ಕಥೆ 'ದಿ ಟ್ವಿನ್ ಡಿಲೆಮಾ' ಶುರುವಾಯಿತು. ಇಪ್ಪತ್ತೈದು ವರ್ಷ ಕಳೆದ ಮೇಲೆ, 2009ರಲ್ಲಿ, 'ಡಾಕ್ಟರ್ ಹೂ ಮ್ಯಾಗಜಿನ್' ತನ್ನ ಓದುಗರ ಕೈಯಲ್ಲಿ ಅಲ್ಲಿಯವರೆಗಿನ 200 ಕಥೆಗಳಿಗೂ ಅಂಕ ಹಾಕಿಸಿತು. ಮೊದಲ ಸ್ಥಾನ ಆಂಡ್ರೊಜಾನಿಗೆ ಬಂತು. ಇನ್ನೂರನೆಯ ಸ್ಥಾನ ಟ್ವಿನ್ ಡಿಲೆಮಾಗೆ.

ಎರಡೂ ಒಂದೇ ಸೀಸನ್ನಿನವು. ನಿರ್ಮಾಪಕ ಒಬ್ಬನೇ, ಜಾನ್ ನೇಥನ್-ಟರ್ನರ್. ಸ್ಕ್ರಿಪ್ಟ್ ತಿದ್ದುವವನೂ ಒಬ್ಬನೇ, ಎರಿಕ್ ಸೇವರ್ಡ್. ಡಾಕ್ಟರ್ ಜೊತೆಗೆ ಓಡಾಡುವ ಹುಡುಗಿ ಪೆರಿಯೂ ಅವಳೇ. ಇಷ್ಟು ಉದ್ದದ ಸರಣಿಯೊಂದರ ನೆತ್ತಿಯೂ ಅಂಗಾಲೂ ಹೀಗೆ ಒಂದಕ್ಕೊಂದು ಅಂಟಿಕೊಂಡು ಕೂತಿರುವುದು ನನಗೆ ಇವತ್ತಿಗೂ ಸೋಜಿಗ. ಅದು ಕಾಕತಾಳೀಯ ಅಂತಲೂ ನನಗೆ ಅನ್ನಿಸುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡಾಕ್ಟರ್ ಅನ್ನುವವನು ಬೇರೆ ಗ್ರಹದವನು. ಅವನ ವಾಹನ ಹೊರಗಿನಿಂದ ನೋಡಿದರೆ ಬ್ರಿಟನ್ನಿನ ಹಳೆಯ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಹೋದರೆ ಅರಮನೆಯಷ್ಟು ವಿಶಾಲ. ಅದರಲ್ಲಿ ಕೂತು ಯಾವ ಕಾಲಕ್ಕೆ ಬೇಕಾದರೂ ಯಾವ ಊರಿಗೆ ಬೇಕಾದರೂ ಹೋಗಬಹುದು. ಸಾಯುವ ಹೊತ್ತು ಬಂದಾಗ ಅವನು ದೇಹ ಬದಲಿಸಿ ಇನ್ನೊಬ್ಬನಾಗುತ್ತಾನೆ, ಅಂದರೆ ಬೇರೆ ನಟ ಬರುತ್ತಾನೆ. ಸರಣಿ ಶುರುವಾದದ್ದು 1963ರ ನವೆಂಬರ್ 23ರಂದು, ಕೆನಡಿ ಹತ್ಯೆಯ ಮರುದಿನ. ಮೊದಲ ಕಥೆಯನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಕೂಡ ಇಪ್ಪತ್ತೇಳರ ಹೆಣ್ಣುಮಗಳು. 1989ರಲ್ಲಿ ನಿಂತಿತು, 1996ರಲ್ಲಿ ಒಂದು ಟಿವಿ ಸಿನಿಮಾ ಬಂತು, 2005ರಲ್ಲಿ ಮತ್ತೆ ಚಿಗುರಿತು. ಈಗ ಕಥೆಗಳ ಸಂಖ್ಯೆ 300 ದಾಟಿದೆ. 1960ರ ದಶಕದ ಆರು ಕಂತಿನ ಕಪ್ಪು-ಬಿಳುಪು ಕಥೆ, 1970ರ ದಶಕದ ಪ್ಲಾಸ್ಟಿಕ್ ರಾಕ್ಷಸರು, ನಿನ್ನೆ ಮೊನ್ನೆಯ ಮುಕ್ಕಾಲು ಗಂಟೆಯ ಕಂಪ್ಯೂಟರ್ ಗ್ರಾಫಿಕ್ಸ್, ಎಲ್ಲಕ್ಕೂ ಒಂದೇ ಹೆಸರು. ಇವನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ ಒಂದು, ಎರಡು, ಮೂರು ಅಂತ ಸ್ಥಾನ ಕೊಡುವುದು ಇದರ ಹುಚ್ಚು ಹತ್ತಿದವರಿಗೆಲ್ಲ ಇರುವ ಚಟ. ನನಗೂ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ರ್‍ಯಾಂಕ್ ಬಂದವರ ಬಾಯಿಗೆ ಪೇಡಾ ಇಡುವ ಫೋಟೊ ನೋಡುತ್ತ ಬೆಳೆದ ನಾಡಿನವಳು ನಾನು, ಚಟ ಹತ್ತದೆ ಇನ್ನೇನಾದೀತು.

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಕಥೆಯ ಹೆಸರು, ಪಕ್ಕದಲ್ಲಿ ಹತ್ತಕ್ಕೆ ಎಷ್ಟು ಅನ್ನುವ ಅಂಕ. 'ಜೆನೆಸಿಸ್ ಆಫ್ ದ ಡಾಲೆಕ್ಸ್'ಗೆ ಹತ್ತಕ್ಕೆ ಹತ್ತು. 'ಸಿಟಿ ಆಫ್ ಡೆತ್'ಗೆ ಎಂಟೂವರೆ. ಬಹಳ ದಿನ ಅದು ಹಾಗೆಯೇ ಇತ್ತು, ಯಾರೂ ಕೇಳಿರಲಿಲ್ಲ. ರಜೆಗೆ ಬಂದ ಅಕ್ಕನ ಮಗ ಆ ನೋಟ್‌ಬುಕ್ ತಿರುವಿ ಹಾಕಿ ಕೇಳಿದ.

"ಚಿಕ್ಕಮ್ಮ, ಈಗ ಊಟ ಆಯ್ತು, ಎರಡು ಗಂಟೆ ಟೈಮಿದೆ. ಜೆನೆಸಿಸ್ ಹಾಕ್ಲಾ, ಸಿಟಿ ಆಫ್ ಡೆತ್ ಹಾಕ್ಲಾ?"

"ಸಿಟಿ ಆಫ್ ಡೆತ್ ಹಾಕೋ."

"ಮತ್ತೆ ಹತ್ತಕ್ಕೆ ಹತ್ತು ಅದಕ್ಕೆ ಯಾಕೆ?"

ಉತ್ತರ ತಕ್ಷಣಕ್ಕೆ ಹೊಳೆಯಲಿಲ್ಲ. ಹೊಳೆದದ್ದು ಆಮೇಲೆ. ಅಂಕ ಕೊಡುವಾಗ ನಾನು ಗೌರವ ಕೊಡುತ್ತಿದ್ದೆ. ಯಾವುದು ದೊಡ್ಡ ಮಾತು ಆಡಿತು, ಯಾವುದರ ಬಗ್ಗೆ ನಾಲ್ಕು ಜನರ ಮುಂದೆ ತಲೆಯೆತ್ತಿ ಮಾತಾಡಬಹುದು, ಅದಕ್ಕೆ ಹೆಚ್ಚು. ಎರಡನ್ನು ಎದುರುಬದುರು ಇಟ್ಟು "ಇವತ್ತು ರಾತ್ರಿ ಯಾವುದು" ಅಂತ ಕೇಳಿದಾಗ ಮಾತ್ರ ಆಸೆ ಬಾಯಿಬಿಡುತ್ತದೆ. ಆವತ್ತಿನಿಂದ ನಾವಿಬ್ಬರೂ ಇದನ್ನೇ ಆಟ ಮಾಡಿಕೊಂಡೆವು. ಎರಡೆರಡು ಕಥೆ ಎದುರಿಗಿಡುವುದು, ಗೆದ್ದದ್ದು ಮೇಲೆ, ಸೋತದ್ದು ಕೆಳಗೆ. ಫೋನಿನಲ್ಲೂ ನಡೆಯುತ್ತದೆ. ಹೀಗೆ ಬೆಳೆದ ಪಟ್ಟಿ ನೋಟ್‌ಬುಕ್ಕಿನ ಅಂಕಗಳಿಗೆ ಎಲ್ಲೆಲ್ಲಿ ಹೊಂದುವುದಿಲ್ಲವೋ ಅಲ್ಲೆಲ್ಲ ನನಗೆ ಏನೋ ಒಂದು ಸಿಕ್ಕಿದೆ. ಈ ಬರಹ ಆ ಜಾಗಗಳ ಬಗ್ಗೆ.

ಜೆನೆಸಿಸ್‌ನಿಂದಲೇ ಹಿಡಿಯೋಣ. 1975ರ ಆರು ಕಂತಿನ ಕಥೆ, ಬರೆದವನು ಡಾಲೆಕ್‌ಗಳನ್ನು ಹುಟ್ಟುಹಾಕಿದ ಟೆರಿ ನೇಷನ್. ಮುಂದೆ ಲೋಕಕ್ಕೇ ಕಂಟಕವಾಗುವ ಡಾಲೆಕ್ ಎಂಬ ಯಂತ್ರದೊಳಗಿನ ಜೀವಿಗಳು ಹುಟ್ಟುವ ಗಳಿಗೆಗೇ ಡಾಕ್ಟರನ್ನು ಕಳಿಸುತ್ತಾರೆ: ಹುಟ್ಟದ ಹಾಗೆ ಮಾಡು. ಅವನು ಮರಿಗಳಿರುವ ಕೋಣೆಗೆ ಸ್ಫೋಟಕ ಇಟ್ಟು ಹೊರಗೆ ಬರುತ್ತಾನೆ. ಎರಡು ಕೈಯಲ್ಲಿ ಎರಡು ವೈರು. ತುದಿಗೆ ತುದಿ ತಾಗಿಸಿದರೆ ಮುಗಿಯಿತು. ತಾಗಿಸುವುದಿಲ್ಲ. ಒಂದು ಇಡೀ ಕುಲವನ್ನು ಅಳಿಸುವ ಹಕ್ಕು ನನಗಿದೆಯೇ ಅಂತ ಪಕ್ಕದಲ್ಲಿರುವ ಜೊತೆಗಾತಿ ಸಾರಾಳನ್ನು ಕೇಳುತ್ತಾನೆ. ಡಾಕ್ಟರ್ ಪಾತ್ರದ ಟಾಮ್ ಬೇಕರ್ ಅಲ್ಲಿ ಧ್ವನಿ ಏರಿಸುವುದೇ ಇಲ್ಲ, ಕಣ್ಣು ವೈರುಗಳ ಮೇಲೇ ಇರುತ್ತದೆ. ಮಕ್ಕಳ ಜೊತೆ ಮನೆಮಂದಿಯೆಲ್ಲ ಕೂತು ನೋಡುವ ಶನಿವಾರ ಸಂಜೆಯ ಕಾರ್ಯಕ್ರಮದಲ್ಲಿ ಈ ಪ್ರಶ್ನೆ! ಹತ್ತಕ್ಕೆ ಹತ್ತು ಕೊಡದೆ ಏನು ಮಾಡಲಿ?

ಆದರೆ ಆರು ಕಂತು ಕೂತು ನೋಡಿದವರಿಗೆ ಇನ್ನೂ ಕೆಲವು ಸಂಗತಿ ಗೊತ್ತು. ಅತ್ತಿಂದಿತ್ತ ಓಡಾಟ ವಿಪರೀತ. ಹಿಡಿದರು, ತಪ್ಪಿಸಿಕೊಂಡರು, ಮತ್ತೆ ಹಿಡಿದರು. ಡಾಕ್ಟರ್ ಜೊತೆಗೆ ಬಂದ ಹ್ಯಾರಿಯ ಕಾಲನ್ನು ಒಂದು ದೈತ್ಯ ಚಿಪ್ಪುಪ್ರಾಣಿ ಕಚ್ಚುತ್ತದೆ. ಕಚ್ಚುವುದು ಅದೋ, ಅವನೇ ಕಾಲು ತುರುಕುತ್ತಿದ್ದಾನೋ ಅಂತ ಅನುಮಾನ ಬರುವ ಹಾಗಿದೆ. ಇನ್ನು ಆ ವೈರಿನ ನಿರ್ಧಾರವನ್ನು ಡಾಕ್ಟರ್ ತೆಗೆದುಕೊಳ್ಳಬೇಕಾಗಿಯೇ ಬರುವುದಿಲ್ಲ, ಅಷ್ಟರಲ್ಲಿ ಯಾರೋ ಓಡಿ ಬಂದು ಬೇರೆ ಸುದ್ದಿ ಹೇಳುತ್ತಾರೆ. ಇದು ಇಷ್ಟು ಪ್ರಸಿದ್ಧವಾಗುವುದಕ್ಕೆ ಇನ್ನೊಂದು ಕಾರಣವೂ ಇತ್ತು ಅನ್ನಿಸುತ್ತದೆ. ಹಳೆಯ ಕಥೆಗಳನ್ನು ಮತ್ತೆ ನೋಡುವ ದಾರಿಯೇ ಇಲ್ಲದ ಕಾಲದಲ್ಲಿ, 1979ರಲ್ಲಿ, ಬಿಬಿಸಿ ಇದನ್ನು ಗ್ರಾಮಫೋನ್ ಪ್ಲೇಟಾಗಿ ತಂದಿತು. ಮಕ್ಕಳು ಅದನ್ನು ಸವೆಯುವವರೆಗೆ ಕೇಳಿದರು. ಕಣ್ಣಿಗೆ ಆ ಚಿಪ್ಪುಪ್ರಾಣಿ ಕಾಣುವ ಹಾಗಿರಲಿಲ್ಲ, ಕಿವಿಗೆ ಆ ಪ್ರಶ್ನೆ ಮಾತ್ರ ಬೀಳುತ್ತಿತ್ತು.

ಸಿಟಿ ಆಫ್ ಡೆತ್ ಆ ಪ್ಲೇಟು ಬಂದ 1979ರದ್ದೇ. ಬರೆದವನು ಡೇವಿಡ್ ಆಗ್ನ್ಯೂ ಅಂತ ತೆರೆಯ ಮೇಲೆ ಬರುತ್ತದೆ, ಅಂಥ ಮನುಷ್ಯ ಇಲ್ಲ. ಡೇವಿಡ್ ಫಿಶರ್ ಬರೆದ ಕಥೆಯನ್ನು ಡಗ್ಲಸ್ ಆಡಮ್ಸ್ ಮತ್ತು ನಿರ್ಮಾಪಕ ಗ್ರಹಾಂ ವಿಲಿಯಮ್ಸ್ ಕೂತು ಪೂರಾ ಹೊಸದಾಗಿ ಬರೆದರು. ಸರಣಿ ಮೊದಲ ಸಲ ಬ್ರಿಟನ್ ಬಿಟ್ಟು ಹೊರಗೆ, ಪ್ಯಾರಿಸ್ಸಿಗೆ ಹೋಗಿ ಚಿತ್ರೀಕರಣ ಮಾಡಿದ್ದು ಇದಕ್ಕೇ. ನಾಲ್ಕನೆಯ ಕಂತನ್ನು 1 ಕೋಟಿ 61 ಲಕ್ಷ ಜನ ನೋಡಿದರು. ಇವತ್ತಿಗೂ ಆ ಸಂಖ್ಯೆಯನ್ನು ಯಾವ ಕಂತೂ ಮುಟ್ಟಿಲ್ಲ. ಕಥೆ ಅಷ್ಟು ಚೆನ್ನಾಗಿತ್ತು ಅಂತ ಹಿಗ್ಗಬೇಡಿ, ಆಗ ಎದುರಾಳಿ ಚಾನೆಲ್ ಐಟಿವಿಯಲ್ಲಿ ಮುಷ್ಕರ ನಡೆಯುತ್ತಿತ್ತು. ಜನಪ್ರಿಯತೆಯನ್ನೇ ಅಳತೆಗೋಲು ಮಾಡಿಕೊಂಡು ಪಟ್ಟಿ ಕಟ್ಟುವವರಿಗೆ ಈ ಒಂದು ಉದಾಹರಣೆ ಸಾಕು.

ಕಥೆಯ ತಿರುಳು ಇಷ್ಟು: ಕೋಟ್ಯಂತರ ವರ್ಷ ಹಿಂದೆ ನೌಕೆ ಸಿಡಿದು ಕಾಲದುದ್ದಕ್ಕೂ ಚೂರುಚೂರಾಗಿ ಚೆಲ್ಲಿಹೋದ ಒಬ್ಬ ಅನ್ಯಗ್ರಹಜೀವಿ. ಅವನ ಒಂದು ಚೂರು ಪ್ಯಾರಿಸ್ಸಿನಲ್ಲಿ ಶ್ರೀಮಂತ ಕೌಂಟ್, ಇನ್ನೊಂದು ಚೂರು ಇಟಲಿಯಲ್ಲಿ ಲಿಯೊನಾರ್ಡೊನ ಕೈಲಿ ಮೊನಾಲಿಸಾದ ಇನ್ನೂ ಆರು ಪ್ರತಿ ಬರೆಸುತ್ತಾನೆ. ಲೂವ್ರ್‌ನಿಂದ ಮೂಲಚಿತ್ರ ಕದ್ದ ಸುದ್ದಿ ಹಬ್ಬಿದ ಮೇಲೆ ಏಳು ಜನ ಕಳ್ಳಗಿರಾಕಿಗಳಿಗೆ ಏಳನ್ನೂ ಮಾರುವ ಯೋಜನೆ. ಡಾಕ್ಟರ್ ಲಿಯೊನಾರ್ಡೊನ ಮನೆಗೇ ಹೋಗುತ್ತಾನೆ, ಗೆಳೆಯ ಮನೆಯಲ್ಲಿಲ್ಲ. ಖಾಲಿ ಹಲಗೆಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಇದು ನಕಲಿ' ಅಂತ ಬರೆದಿಟ್ಟು, ಅದರ ಮೇಲೇ ಚಿತ್ರ ಬರಿ ಅಂತ ಚೀಟಿ ಇಟ್ಟು ಬರುತ್ತಾನೆ. ಜಗತ್ತಿನ ಅತಿ ಪ್ರಸಿದ್ಧ ಮುಗುಳ್ನಗೆಯ ಹಿಂದೆ ಇಂಗ್ಲಿಷಿನಲ್ಲಿ ಆ ಮಾತು. ಪ್ರತಿ ಸಲವೂ ನಗುತ್ತೇನೆ.

ಇದರಲ್ಲಿ ಇನ್ನೊಂದು ಪುಟ್ಟ ದೃಶ್ಯವಿದೆ. ಆರ್ಟ್ ಗ್ಯಾಲರಿಯಲ್ಲಿ ಡಾಕ್ಟರ್ ತನ್ನ ನೀಲಿ ಪೆಟ್ಟಿಗೆ ನಿಲ್ಲಿಸಿ ಹೋಗಿದ್ದಾನೆ. ಜಾನ್ ಕ್ಲೀಸ್ ಮತ್ತು ಎಲಿನರ್ ಬ್ರಾನ್ ನಟಿಸಿರುವ ಇಬ್ಬರು ಕಲಾವಿಮರ್ಶಕರು ಅದರ ಮುಂದೆ ನಿಂತು ಅದು ಕಲಾಕೃತಿ ಅಂದುಕೊಂಡು ಬಣ್ಣ, ರೇಖೆ, ಉಪಯೋಗವಿಲ್ಲದ ವಸ್ತುವಿನ ಸೌಂದರ್ಯ ಅಂತೆಲ್ಲ ತೂಗಿ ನೋಡುತ್ತಿರುತ್ತಾರೆ. ಅಷ್ಟರಲ್ಲಿ ಮೂರು ಜನ ಓಡಿಬಂದು ಅದರೊಳಗೆ ನುಗ್ಗುತ್ತಾರೆ, ಪೆಟ್ಟಿಗೆ ಕಣ್ಣೆದುರೇ ಮಾಯ. ವಿಮರ್ಶಕರು ಅದಕ್ಕೂ ತಲೆದೂಗುತ್ತಾರೆ: ಸೊಗಸಾಗಿತ್ತು. ಅಂಕ ಕೊಡುವ ನಮ್ಮಂಥವರನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹಾಸ್ಯ ಮಾಡಿಲ್ಲ. ಈಗ ನನ್ನ ಪಟ್ಟಿಯಲ್ಲಿ ಸಿಟಿ ಆಫ್ ಡೆತ್ ಮೊದಲನೆಯದು. ನೋಟ್‌ಬುಕ್ಕಿನಲ್ಲಿ ಈಗಲೂ ಎಂಟೂವರೆಯೇ ಇದೆ, ತಿದ್ದಿಲ್ಲ.

ಸ್ಥಾನ ಕೊಡುವ ಮುಂಚೆ 'ಒಂದು ಕಥೆ' ಅಂದರೆ ಯಾವುದು ಅಂತಲೂ ತೀರ್ಮಾನಿಸಬೇಕು. 1986ರ 'ದಿ ಟ್ರಯಲ್ ಆಫ್ ಎ ಟೈಮ್ ಲಾರ್ಡ್' ಹದಿನಾಲ್ಕು ಕಂತು. ಒಂದೇ ಮೊಕದ್ದಮೆ ಅಂದರೆ ಒಂದು ಕಥೆ, ಒಳಗಿನ ಕಥೆಗಳನ್ನು ಎಣಿಸಿದರೆ ನಾಲ್ಕು. 2009ರ 'ಪ್ಲಾನೆಟ್ ಆಫ್ ದ ಡೆಡ್' ಅನ್ನು ಇನ್ನೂರನೆಯ ಕಥೆ ಅಂತ ಡಂಗುರ ಹೊಡೆದರು, ಅದನ್ನು ಒಪ್ಪದವರು ಈಗಲೂ ಇದ್ದಾರೆ. (ಅದಕ್ಕೆಂದು ದುಬೈಗೆ ಹಡಗಿನಲ್ಲಿ ಕಳಿಸಿದ ಡಬಲ್ ಡೆಕ್ಕರ್ ಬಸ್ಸು ಬಂದರಿನಲ್ಲಿ ಜಜ್ಜಿಹೋಯಿತು. ಬೇರೆ ಬಸ್ಸು ತರಿಸದೆ ಸ್ಕ್ರಿಪ್ಟನ್ನೇ ಬಸ್ಸಿಗೆ ತಕ್ಕ ಹಾಗೆ ಬದಲಾಯಿಸಿದರು. ಆ ಜಾಣತನಕ್ಕೆ ಅರ್ಧ ಅಂಕ ಹೆಚ್ಚು ಕೊಟ್ಟಿದ್ದೇನೆ.) ಈ ಲೆಕ್ಕದ ಜಗಳಕ್ಕೆ ನಾನು ಹೋಗುವುದಿಲ್ಲ.

ನೋಡದೇ ಇರುವ ಕಥೆಗಳದ್ದು ಮಾತ್ರ ಬಿಡಲಾಗದ ಜಗಳ. 1960ರ ದಶಕದಲ್ಲಿ ವೀಡಿಯೊ ಟೇಪು ದುಬಾರಿ, ಒಮ್ಮೆ ಪ್ರಸಾರವಾದದ್ದನ್ನು ಮತ್ತೆ ಯಾರು ಕೇಳುತ್ತಾರೆ ಅಂತ ಅಳಿಸಿ ಮತ್ತೆ ಬಳಸಿದರು, ಫಿಲ್ಮ್ ಪ್ರತಿಗಳನ್ನೂ ಬಿಸಾಡಿದರು. ಹಾಗಾಗಿ ಮೊದಲ ಇಬ್ಬರು ಡಾಕ್ಟರುಗಳ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತು ಇಲ್ಲ. ಧ್ವನಿ ಮಾತ್ರ ಎಲ್ಲದರದ್ದೂ ಇದೆ, ಏಕೆಂದರೆ ಮನೆಮನೆಗಳಲ್ಲಿ ಮಕ್ಕಳು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದರು. 'ದಿ ಪವರ್ ಆಫ್ ದ ಡಾಲೆಕ್ಸ್'ನ ಆರು ಕಂತಿನಲ್ಲಿ ಒಂದೂ ಉಳಿದಿಲ್ಲ. ಆದರೂ ಮ್ಯಾಗಜಿನ್ನಿನ ಮತದಾನದಲ್ಲಿ ಅದು ಯಾವಾಗಲೂ ಮೇಲಿನ ಸಾಲಿನಲ್ಲೇ. ಅಂಕ ಕೊಟ್ಟವರಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ಕಂಡವರೇ ಅಲ್ಲ.

ಕಣ್ಣಾರೆ ಕಂಡರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ದಿಕ್ಕಿನ ಸಾಕ್ಷಿ ಇದೆ. 'ದಿ ಟೂಂಬ್ ಆಫ್ ದ ಸೈಬರ್‌ಮೆನ್' ದಶಕಗಳ ಕಾಲ ಕಳೆದುಹೋದ ನಿಧಿ. ಅದರಷ್ಟು ಭಯಂಕರ ಇನ್ನೊಂದಿಲ್ಲ ಅಂತ ಹಿರಿಯರು ಹೇಳುತ್ತಿದ್ದರು. ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿತು, 1992ರಲ್ಲಿ ಕ್ಯಾಸೆಟ್ ಆಗಿ ಬಂತು. ಗೋರಿಯ ಕೋಶಗಳಿಂದ ಸೈಬರ್‌ಮನ್ನರು ಅನ್ನುವ ಅರೆಯಂತ್ರ ಮನುಷ್ಯರು ಹಾಳೆ ಹರಿದು ಹೊರಬರುವ ದೃಶ್ಯ ನಿಜಕ್ಕೂ ಹೇಳಿದಷ್ಟೇ ಚೆನ್ನಾಗಿತ್ತು. ಆದರೆ ಟೋಬರ್ಮನ್ ಅನ್ನುವ ದೈತ್ಯನನ್ನು ಎತ್ತಿ ಎಸೆಯುವಾಗ ಬೆನ್ನಿಗೆ ಕಟ್ಟಿದ ತಂತಿ ಎಲ್ಲರಿಗೂ ಕಂಡಿತು. ಒಂದಷ್ಟು ಜನರ ಭಕ್ತಿ ಅಲ್ಲಿಗೆ ಇಳಿಯಿತು.

'ದಿ ಎನಿಮಿ ಆಫ್ ದ ವರ್ಲ್ಡ್' ಇದಕ್ಕೆ ತದ್ವಿರುದ್ಧ. 1967-68ರ ಈ ಆರು ಕಂತಿನಲ್ಲಿ ಉಳಿದದ್ದು ಮೂರನೆಯದು ಒಂದೇ. ಆ ಕಂತಿನಲ್ಲಿ ಹೊರಾಂಗಣವಿಲ್ಲ, ಹೊಡೆದಾಟವಿಲ್ಲ. ಗ್ರಿಫಿನ್ ಅನ್ನುವ ಅಡುಗೆಯವನು ಅಡುಗೆಮನೆಯಲ್ಲಿ ಗೊಣಗಿಕೊಂಡು ಓಡಾಡುತ್ತಾನೆ. ಅಷ್ಟನ್ನೇ ನೋಡಿ ಜನ ಇಡೀ ಕಥೆ ಸಪ್ಪೆ ಅಂತ ತೀರ್ಪು ಕೊಟ್ಟರು. 2013ರಲ್ಲಿ ನೈಜೀರಿಯದ ಜೋಸ್ ಪಟ್ಟಣದ ಟಿವಿ ಕೇಂದ್ರವೊಂದರಲ್ಲಿ ಫಿಲಿಪ್ ಮಾರಿಸ್ ಅನ್ನುವವರಿಗೆ ಮಿಕ್ಕ ಐದೂ ಸಿಕ್ಕಿದವು. ನೋಡಿದರೆ ಹೆಲಿಕಾಪ್ಟರ್, ಹೋವರ್‌ಕ್ರಾಫ್ಟ್, ಕಡಲತಡಿ! ಪ್ಯಾಟ್ರಿಕ್ ಟ್ರಾಟನ್ ಡಾಕ್ಟರೂ ಹೌದು, ಅವನನ್ನೇ ಹೋಲುವ ಸರ್ವಾಧಿಕಾರಿ ಸಾಲಮಾಂಡರೂ ಹೌದು. ನೆಲದಡಿಯಲ್ಲಿ ಒಂದಷ್ಟು ಜನರನ್ನು ಸಾಲಮಾಂಡರ್ ಕೂಡಿಹಾಕಿದ್ದಾನೆ. ಮೇಲೆ ಅಣುಯುದ್ಧ ಇನ್ನೂ ನಡೆಯುತ್ತಿದೆ, ನಾನು ಪ್ರಾಣ ಪಣಕ್ಕಿಟ್ಟು ನಿಮಗೆ ಊಟ ತರುತ್ತಿದ್ದೇನೆ ಅಂತ ನಂಬಿಸಿದ್ದಾನೆ. ಮೇಲಿನಿಂದ ಬಂದ ಒಂದು ಪೇಪರಿನ ತುಣುಕು ಅವರ ಕೈಗೆ ಸಿಕ್ಕಾಗ ಸುಳ್ಳು ಬಿರುಕು ಬಿಡುತ್ತದೆ. ಮುಂದಿನ ವರ್ಷದ ಮತದಾನದಲ್ಲಿ ಈ ಕಥೆ ಒಂದೇ ನೆಗೆತಕ್ಕೆ ಎಷ್ಟೋ ಮೆಟ್ಟಿಲು ಏರಿತು. ಕಥೆ ಇದ್ದ ಹಾಗೇ ಇತ್ತು. ನಾವು ಆರರಲ್ಲಿ ಒಂದು ಪುಟ ಓದಿ ಮಾರ್ಕ್ಸ್ ಹಾಕಿದ್ದೆವು, ಅಷ್ಟೆ.

ನಮ್ಮ ಆಟದಲ್ಲಿ ಅದಕ್ಕೇ ಒಂದು ನಿಯಮವಿದೆ. ಪೂರ್ತಿ ನೋಡಲಾಗದ ಕಥೆಗೆ ಸ್ಥಾನವಿಲ್ಲ. ವಾರಿಸ್ ಹುಸೇನರು ನಿರ್ದೇಶಿಸಿದ 'ಮಾರ್ಕೊ ಪೋಲೊ', ಏಳು ಕಂತು, ಒಂದೂ ಇಲ್ಲ, ಪಟ್ಟಿಯ ಹೊರಗೆ. ಅಕ್ಕನ ಮಗನಿಗೆ ಇದು ಅನ್ಯಾಯ ಅನ್ನಿಸುತ್ತದೆ, ಧ್ವನಿ ಕೇಳಿ ಫೋಟೊ ನೋಡಿ ಅಂದಾಜು ಮಾಡಬಹುದಲ್ಲ ಅನ್ನುತ್ತಾನೆ. ಅಂದಾಜು ಮಾಡಬಹುದು. "ಇವತ್ತು ರಾತ್ರಿ ಹಾಕೋಣ" ಅನ್ನಲು ಆಗುವುದಿಲ್ಲ.

ಬೇರೆಯವರು ಕೊಟ್ಟ ಅಂಕ ನಮ್ಮ ಕಣ್ಣಿಗೆ ಕಟ್ಟಿಕೊಳ್ಳುವ ಪರಿಯೂ ವಿಚಿತ್ರ. 1966ರ 'ದಿ ಗನ್‌ಫೈಟರ್ಸ್' ಬಹಳ ಕಾಲ ಅತಿ ಕೆಟ್ಟ ಕಥೆ ಅನ್ನುವ ಬಿರುದು ಹೊತ್ತಿತ್ತು. ಅದನ್ನು ನೋಡುವ ದಾರಿಯಿಲ್ಲದ ತಲೆಮಾರೊಂದು ಪುಸ್ತಕದಲ್ಲಿ ಓದಿ ಹಾಗೆ ನಂಬಿತ್ತು. ಡಾಕ್ಟರಿಗೆ ಹಲ್ಲುನೋವು, ಬಂದಿಳಿದದ್ದು ಅಮೆರಿಕದ ಟೂಂಬ್‌ಸ್ಟೋನ್ ಊರಿಗೆ, ಸಿಕ್ಕ ಹಲ್ಲಿನ ಡಾಕ್ಟರ್ ಬಂದೂಕಿನ ಡಾಕ್ ಹಾಲಿಡೇ. ಅರಿವಳಿಕೆ ಏನಿದೆ ಅಂದರೆ ವಿಸ್ಕಿ ಬಾಟಲಿ ತೋರಿಸುತ್ತಾನೆ. ಮೊದಲ ಡಾಕ್ಟರ್ ಹಾರ್ಟ್ನೆಲ್ ಮುದುಕನ ಮುಖಭಾವ ನೋಡಲು ಎರಡು ಕಣ್ಣು ಸಾಲದು. ಕಥೆಯ ಉದ್ದಕ್ಕೂ ಒಂದು ಲಾವಣಿ ಬಂದು ಬಂದು ಕಾಡುತ್ತದೆ, ಅದು ಮಾತ್ರ ನಿಜವಾದ ಹಲ್ಲುನೋವು. ನಮ್ಮ ಪಟ್ಟಿಯಲ್ಲಿ ಇದು ಮೇಲಿನ ಅರ್ಧದಲ್ಲಿದೆ, ಯಾರ ಹಂಗೂ ಇಲ್ಲ.

'ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್' ವಿಷಯಕ್ಕೆ ಬಂದರೆ ನನಗೆ ಹಾಗೆ ಹಗುರವಾಗಿ ಮಾತಾಡಲು ಆಗುವುದಿಲ್ಲ. 1977ರದು, ಆಂಡ್ರೊಜಾನಿ ಬರೆದ ರಾಬರ್ಟ್ ಹೋಮ್ಸನೇ ಬರೆದದ್ದು. ಮಂಜು ಕವಿದ ಲಂಡನ್, ಗ್ಯಾಸ್ ದೀಪ, ನಾಟಕಶಾಲೆ, ಮಾತುಗಳಂತೂ ಒಂದೊಂದೂ ಕಡೆದಿಟ್ಟ ಹಾಗೆ. ಮತದಾನಗಳಲ್ಲಿ ಮೊದಲ ಹತ್ತರೊಳಗೇ ಇರುತ್ತದೆ. ಅದರಲ್ಲಿ ಚೀನಾದ ಮಾಂತ್ರಿಕನ ಪಾತ್ರ ಮಾಡಿದವನು ಕಣ್ಣಿಗೆ ಮೇಕಪ್ ಅಂಟಿಸಿಕೊಂಡ ಇಂಗ್ಲಿಷ್ ನಟ. ಕಥೆಯಲ್ಲಿ ಬರುವ ಚೀನೀಯರೆಲ್ಲ ಒಂದೋ ಕೊಲೆಗಾರರು ಇಲ್ಲವೇ ಕೂಲಿಗಳು. "ಆ ಕಾಲ ಹಾಗಿತ್ತು" ಅನ್ನುವವರ ಮಾತು ನನಗೆ ಒಗ್ಗುವುದಿಲ್ಲ; ನಮ್ಮ ಬಣ್ಣದವರನ್ನು ಹೀಗೆ ತೋರಿಸಿದ ಎಷ್ಟು ಹಳೆಯ ಇಂಗ್ಲಿಷ್ ಚಿತ್ರಗಳ ಮುಂದೆ ನಾವು ಹಲ್ಲು ಕಚ್ಚಿ ಕೂತಿಲ್ಲ? ಮೊದಲು ಇದಕ್ಕೆ ಒಂಬತ್ತು ಕೊಟ್ಟಿದ್ದೆ. ಕಥೆ ಕಟ್ಟಿದ ಕೈಗೆ ಆ ಒಂಬತ್ತು ಸಲ್ಲುತ್ತದೆ. ಆದರೆ ಇವತ್ತು ರಾತ್ರಿ ಇದು ಬೇಕೇ ಅಂದರೆ ಕೈ ಮುಂದೆ ಹೋಗುವುದಿಲ್ಲ. ಪಟ್ಟಿಯಲ್ಲಿ ಬಹಳ ಕೆಳಗಿದೆ.

ಅಂಕವೂ ಸ್ಥಾನವೂ ಅತಿ ದೂರ ನಿಂತಿರುವುದು 'ಡೀಮನ್ಸ್ ಆಫ್ ದ ಪಂಜಾಬ್'ನಲ್ಲಿ. 2018ರ ನವೆಂಬರ್ 11ರಂದು ಬಂದದ್ದು, ಬರೆದವರು ವಿನಯ್ ಪಟೇಲ್. ಆಗ ಡಾಕ್ಟರ್ ಹೆಣ್ಣು, ಜೋಡಿ ವಿಟೇಕರ್. ಜೊತೆಗಾತಿ ಯಾಜ್ ತನ್ನ ಅಜ್ಜಿ ಉಂಬ್ರೀನಳ ಹರೆಯ ನೋಡಬೇಕು ಅಂತ 1947ರ ಆಗಸ್ಟಿಗೆ ಕರೆದೊಯ್ಯಲು ಹೇಳುತ್ತಾಳೆ. ಹೋಗಿ ನೋಡಿದರೆ ಅಜ್ಜಿ ಮದುವೆಯಾಗಲು ಹೊರಟಿರುವುದು ತಾತನನ್ನಲ್ಲ, ಪ್ರೇಮ್ ಅನ್ನುವ ಹಿಂದೂ ರೈತನನ್ನು. ಅವರ ಹೊಲದ ನಡುವೆಯೇ ಹೊಸ ಗಡಿ ಹಾದುಹೋಗುತ್ತಿದೆ. ಕಾಡಿನಲ್ಲಿ ಕಾಣುವ ಅನ್ಯಗ್ರಹದವರು ಕೊಲೆಗಾರರು ಅಂತ ನಾವೂ ಅಂದುಕೊಳ್ಳುತ್ತೇವೆ. ಅವರು ಬಂದಿರುವುದು ಯಾರೂ ಕಾಣದೆ ಸಾಯುವವರ ಸಾವಿಗೆ ಸಾಕ್ಷಿಯಾಗಿ ನಿಲ್ಲಲು. ಕೊಲ್ಲಲು ಬರುವವರು ಮನುಷ್ಯರೇ, ಅವರನ್ನು ಮನೆಬಾಗಿಲಿಗೆ ಕರೆತರುವವನು ಪ್ರೇಮ್‌ನ ಒಡಹುಟ್ಟಿದ ತಮ್ಮ ಮನೀಶ್. ಚಿತ್ರೀಕರಣ ನಡೆದದ್ದು ಸ್ಪೇನಿನಲ್ಲಿ. ಪಂಜಾಬಿನ ಮಣ್ಣಲ್ಲ ಅಂತ ಕಣ್ಣಿಗೆ ತಿಳಿಯುತ್ತದೆ, ಎರಡು ನಿಮಿಷದಲ್ಲಿ ಮರೆತೂ ಹೋಗುತ್ತದೆ.

ಇಂಗ್ಲಿಷ್ ಪಟ್ಟಿಗಳಲ್ಲಿ ಇದನ್ನು "ಆ ಸೀಸನ್ನಿನ ಒಳ್ಳೆಯ ಕಥೆ, ಆದರೆ ಡಾಕ್ಟರ್ ಏನೂ ಮಾಡುವುದಿಲ್ಲ" ಅಂತ ಮಧ್ಯದಲ್ಲಿಡುವುದನ್ನು ನೋಡಿದ್ದೇನೆ. ಏನೂ ಮಾಡುವ ಹಾಗಿಲ್ಲ ಅನ್ನುವುದೇ ಕಥೆ. ಪ್ರೇಮ್‌ನನ್ನು ಉಳಿಸಿದರೆ ಯಾಜ್ ಹುಟ್ಟುವುದಿಲ್ಲ. ಅವರೆಲ್ಲ ಬೆನ್ನು ತಿರುಗಿಸಿ ನಡೆಯುತ್ತಾರೆ, ಹಿಂದೆ ಗುಂಡಿನ ಸದ್ದು ಕೇಳುತ್ತದೆ. ನನ್ನ ತಾಯಿಯ ತಾಯಿ ಬೀದರ್ ಕಡೆಯವಳು. ನಿಜಾಮನ ರಾಜ್ಯ ಇನ್ನೂ ಭಾರತಕ್ಕೆ ಸೇರಿರಲಿಲ್ಲ, ರಜಾಕಾರರ ಹಾವಳಿಯ ಹೊತ್ತು. ಎತ್ತಿನ ಕೊರಳ ಹಗ್ಗ ಬಿಚ್ಚಿಬಿಟ್ಟು, ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಸೊಲ್ಲಾಪುರದ ಕಡೆ ನಡೆದರಂತೆ. 1948ರ ಸೆಪ್ಟೆಂಬರ್ ಆದ ಮೇಲೆ ವಾಪಸು ಬಂದರು. ಆ ಕಥೆ ಹೇಳುವಾಗಲೆಲ್ಲ ಅಜ್ಜಿ ಒಂದು ಮಾತು ಬಿಡುತ್ತಿರಲಿಲ್ಲ: "ಮುಂದ ಮುಂದ ಬಂದಾವ್ರು ಗುರ್ತಿನ ಮಂದೀನೇ ಇದ್ರವ್ವಾ." ಮನೀಶ್ ಆ ಗುಂಪಿನ ಮುಂದೆ ನಿಂತಾಗ ನನಗೆ ಕೇಳಿಸಿದ್ದು ಆ ಮಾತು. ನೋಟ್‌ಬುಕ್ಕಿನಲ್ಲಿ ಒಂಬತ್ತೂವರೆ. ಪಟ್ಟಿಯಲ್ಲಿ ನೂರರ ಆಚೆ, ಯಾವುದರ ಎದುರಿಗಿಟ್ಟರೂ ನಾನು ಎರಡನೆಯದನ್ನೇ ಹಾಕು ಅನ್ನುತ್ತೇನೆ. ಈ ಕಥೆಗೆ ಸ್ಥಾನ ಕೆಳಗಿರುವುದು ಅದರ ದೋಷ ಅಂತ ಯಾರಾದರೂ ಓದಿಕೊಂಡರೆ ಪಟ್ಟಿಯೇ ಸುಳ್ಳಾಗುತ್ತದೆ.

ಅಕ್ಕನ ಮಗನಿಗೆ ಎಲ್ಲಕ್ಕಿಂತ ಮೊದಲನೆಯದು 2007ರ 'ಬ್ಲಿಂಕ್'. ಅವನ ವಯಸ್ಸಿನವರೆಲ್ಲರದ್ದೂ ಅದೇ. ಕಣ್ಣು ಮಿಟುಕಿಸಿದರೆ ಹತ್ತಿರ ಬರುವ ಕಲ್ಲಿನ ದೇವತೆಗಳು. ಡಾಕ್ಟರ್ ಹೆಚ್ಚೂ ಕಡಿಮೆ ಇಲ್ಲವೇ ಇಲ್ಲ, ಸ್ಯಾಲಿ ಅನ್ನುವ ಹುಡುಗಿಯಾಗಿ ಕ್ಯಾರಿ ಮಲ್ಲಿಗನ್ ಒಬ್ಬಳೇ ಹೊತ್ತು ನಡೆಸುತ್ತಾಳೆ. ಎಲ್ಲರೂ ಆ ದೇವತೆಗಳ ಬಗ್ಗೆ ಮಾತಾಡುತ್ತಾರೆ. ನನಗೆ ಬೇಕಾದ್ದು ಬಿಲ್ಲಿ ಅನ್ನುವ ಪೊಲೀಸು. ಮಳೆಯ ದಿನ ಸ್ಯಾಲಿಯ ಫೋನ್ ನಂಬರ್ ಕೇಳುತ್ತಾನೆ, ತುಂಟ, ಗೆಲುವಿನ ಹುಡುಗ. ಕೆಲವೇ ನಿಮಿಷದಲ್ಲಿ ದೇವತೆಗಳು ಅವನನ್ನು 1969ಕ್ಕೆ ಎಸೆಯುತ್ತವೆ. ಸ್ಯಾಲಿಗೆ ಫೋನ್ ಬರುತ್ತದೆ, ಆಸ್ಪತ್ರೆಗೆ ಹೋಗುತ್ತಾಳೆ, ಹಾಸಿಗೆಯಲ್ಲಿ ಒಬ್ಬ ಮುದುಕ. ಆ ಮಳೆ ಇನ್ನೂ ನಿಂತಿಲ್ಲ. ಅವನಿಗೆ ಅದು ಇಡೀ ಆಯಸ್ಸು, ಅವಳಿಗೆ ಒಂದು ಮಧ್ಯಾಹ್ನ. ಈ ದೃಶ್ಯಕ್ಕೆ ನಾನು ಹನ್ನೊಂದು ಕೊಡಬಲ್ಲೆ. ಇಡೀ ಕಂತಿಗೆ ಕೊಡಲಾರೆ, ಕಡೆಯ ಹತ್ತು ನಿಮಿಷ ನೆಲಮಾಳಿಗೆಯ ಓಡಾಟ ಎರಡನೆಯ ಸಲಕ್ಕೇ ಹಳಸುತ್ತದೆ.

"ನೀನು ಸೀನಿಗೆ ಮಾರ್ಕ್ಸ್ ಕೊಡ್ತೀಯ, ಕಥೆಗೆ ಕೊಡಲ್ಲ" ಅಂತ ಅವನ ಆಕ್ಷೇಪಣೆ. ಹೌದು, ಹಳೆಯ ಆರು ಕಂತಿನ ಕಥೆಗಳನ್ನು ಪ್ರೀತಿಸಲು ಬೇರೆ ದಾರಿಯೇ ಇಲ್ಲ.

ಅವನ ಬ್ಲಿಂಕ್ ಎದುರಿಗೆ ನಾನು ಇಡುವುದು 2015ರ 'ಹೆವನ್ ಸೆಂಟ್'. ಬರೆದವನು ಬ್ಲಿಂಕ್ ಬರೆದ ಸ್ಟೀವನ್ ಮೊಫಟ್‌ನೇ. ಕಡಲ ನಡುವಿನ ಕೋಟೆಯಲ್ಲಿ ಪೀಟರ್ ಕಪಾಲ್ಡಿಯ ಡಾಕ್ಟರ್ ಒಬ್ಬನೇ. ವಜ್ರಕ್ಕಿಂತ ಗಟ್ಟಿಯಾದ ಗೋಡೆಯನ್ನು ಬರಿಗೈಯಲ್ಲಿ ಗುದ್ದುತ್ತಾನೆ, ಸಾಯುತ್ತಾನೆ, ತನ್ನನ್ನೇ ಸುಟ್ಟುಕೊಂಡು ಮತ್ತೆ ಹುಟ್ಟಿ ಬಂದು ಮತ್ತೆ ಗುದ್ದುತ್ತಾನೆ, ನಾನೂರು ಕೋಟಿ ವರ್ಷಕ್ಕೂ ಮೀರಿ. ಜೊತೆಗೆ ಗ್ರಿಮ್ ಸೋದರರ ಒಂದು ಕಥೆ ಹೇಳುತ್ತಾನೆ: ನೂರು ವರ್ಷಕ್ಕೊಮ್ಮೆ ಹಕ್ಕಿ ಬಂದು ವಜ್ರದ ಬೆಟ್ಟಕ್ಕೆ ಕೊಕ್ಕು ತೀಡುತ್ತದೆ, ಬೆಟ್ಟ ಸವೆದಾಗ ಅನಂತಕಾಲದ ಒಂದು ಕ್ಷಣ ಕಳೆಯಿತು. ಬುದ್ಧನ ಉಪದೇಶದಲ್ಲೂ ಇಂಥದ್ದೇ ಬೆಟ್ಟವಿದೆ, ಅಲ್ಲಿ ನೂರು ವರ್ಷಕ್ಕೊಮ್ಮೆ ಕಾಶಿಯ ಬಟ್ಟೆಯಿಂದ ಸವರುತ್ತಾರೆ, ಬೆಟ್ಟ ಸವೆದರೂ ಕಲ್ಪ ಮುಗಿಯುವುದಿಲ್ಲ. ಈ ಜೋಡಿಯಲ್ಲಿ ನಾವು ಯಾರೂ ಸೋತಿಲ್ಲ. ಎರಡನೆಯ, ಮೂರನೆಯ ಸ್ಥಾನ ವಾರಕ್ಕೊಮ್ಮೆ ಅದಲು ಬದಲು.

ಇನ್ನು ತಳಕ್ಕೆ ಬರೋಣ. 2014ರ ಮತದಾನದಲ್ಲಿ ತುದಿಯ ಹೆಸರು ಬದಲಾಯಿತು. ಕೆಲವೇ ತಿಂಗಳ ಹಿಂದೆ ಬಂದಿದ್ದ ಐವತ್ತನೆಯ ವರ್ಷದ 'ದಿ ಡೇ ಆಫ್ ದ ಡಾಕ್ಟರ್' ಒಂದನೆಯದಾಯಿತು, ಆಂಡ್ರೊಜಾನಿ ನಾಲ್ಕಕ್ಕೆ ಇಳಿಯಿತು. ತಳದ ಹೆಸರು ಅಲುಗಲಿಲ್ಲ: 241ಕ್ಕೆ 241ನೆಯದು ಟ್ವಿನ್ ಡಿಲೆಮಾ. ಆಂಡ್ರೊಜಾನಿಯಲ್ಲಿ ಡಾಕ್ಟರಿಗೂ ಪೆರಿಗೂ ವಿಷವೇರುತ್ತದೆ, ಮದ್ದು ಒಬ್ಬರಿಗಾಗುವಷ್ಟೇ ಇದೆ. ಪರಿಚಯವಾಗಿ ಹೆಚ್ಚು ದಿನವಾಗದ ಆ ಹುಡುಗಿಗೆ ಅದನ್ನು ಕುಡಿಸಿ ಪೀಟರ್ ಡೇವಿಸನ್‌ನ ಡಾಕ್ಟರ್ ಸಾಯುತ್ತಾನೆ. ಹೊಸ ಡಾಕ್ಟರಾಗಿ ಕಾಲಿನ್ ಬೇಕರ್ ಎದ್ದು ಕೂರುತ್ತಾನೆ. ಆರು ದಿನದ ಮೇಲೆ ಮುಂದಿನ ಕಥೆಯ ಮೊದಲ ಕಂತಿನಲ್ಲೇ ಅವನು ಅದೇ ಹುಡುಗಿಯ ಕತ್ತು ಹಿಸುಕುತ್ತಾನೆ. ಯಾರಿಗಾಗಿ ಹಿಂದಿನವನು ಪ್ರಾಣ ಬಿಟ್ಟನೋ ಅವಳ ಕತ್ತು. ಆಮೇಲೆ ದೈತ್ಯ ಸಿಂಬಳದ ಹುಳು, ಗಣಿತದ ಅವಳಿ ಹುಡುಗರು, ಕಣ್ಣು ಕುಕ್ಕುವ ಬಣ್ಣದ ಕೋಟು, ಇವೆಲ್ಲ ಸಹಿಸಬಹುದಾದ ಪೆದ್ದುತನಗಳು. ಸರಣಿಯಲ್ಲಿ ಇದಕ್ಕಿಂತ ಪೆದ್ದು ಹುಳುಗಳಿವೆ. ಆದರೆ ಇದು ಸೀಸನ್ನಿನ ಕೊನೆಯ ಕಥೆ. ಮುಂದಿನದು ಬಂದದ್ದು 1985ರ ಜನವರಿಯಲ್ಲಿ. ಒಂಬತ್ತು ತಿಂಗಳು ಜನ ಆ ಕತ್ತು ಹಿಸುಕುವ ಕೈಗಳನ್ನೇ ನೆನೆಸಿಕೊಂಡು ಕೂರಬೇಕಾಯಿತು. ಒಂದಕ್ಕೆ ಮೊದಲ ಸ್ಥಾನ ಸಿಕ್ಕಿದ್ದಕ್ಕೂ ಇನ್ನೊಂದಕ್ಕೆ ಕೊನೆಯದು ಸಿಕ್ಕಿದ್ದಕ್ಕೂ ಒಂದೇ ಬೇರು ಅಂತ ನಾನು ಹೇಳುವುದು ಇದಕ್ಕೇ. ಆಂಡ್ರೊಜಾನಿಯಲ್ಲೂ ಗುಹೆಯೊಳಗೆ ಒಂದು ರಬ್ಬರ್ ಪ್ರಾಣಿ ಬರುತ್ತದೆ, ಅದನ್ನು ನೋಡಿ ನಕ್ಕವರೂ ಅಂಕ ಕಳೆಯಲಿಲ್ಲ.

ಅಕ್ಕನ ಮಗನ ಕೊನೆಯ ಸ್ಥಾನ ಮಾತ್ರ ಬೇರೆ, 2006ರ 'ಲವ್ ಆ್ಯಂಡ್ ಮಾನ್‌ಸ್ಟರ್ಸ್'. ಡಾಕ್ಟರನ್ನು ಎಂದೋ ಒಮ್ಮೆ ಕಂಡ ಐದಾರು ಜನ ವಾರಕ್ಕೊಮ್ಮೆ ಒಂದೆಡೆ ಸೇರುತ್ತಾರೆ. ಅವನ ಬಗ್ಗೆ ಮಾತಾಡಲೆಂದು ಬಂದವರು ನಿಧಾನಕ್ಕೆ ತಿಂಡಿ ತರುತ್ತಾರೆ, ಹಾಡುತ್ತಾರೆ, ಬ್ಯಾಂಡ್ ಕಟ್ಟುತ್ತಾರೆ. ಆಗ ವಿಕ್ಟರ್ ಕೆನಡಿ ಅನ್ನುವ ಕೋಲು ಹಿಡಿದ ಮನುಷ್ಯ ಬಂದು ಇದೆಲ್ಲ ಸಾಕು, ಶಿಸ್ತಾಗಿ ಕೆಲಸ ಮಾಡಿ ಅಂತ ಒಬ್ಬೊಬ್ಬರಿಗೂ ಹೋಂವರ್ಕ್ ಹಂಚುತ್ತಾನೆ. ಒಬ್ಬೊಬ್ಬರಾಗಿ ಮಾಯವಾಗುತ್ತಾರೆ; ಅವನೇ ಎಲ್ಲರನ್ನೂ ಮೈಯೊಳಗೆ ಹೀರಿಕೊಳ್ಳುವ ಹಸಿರು ರಾಕ್ಷಸ. ಮಕ್ಕಳ ಕಾರ್ಯಕ್ರಮವೊಂದರ ಸ್ಪರ್ಧೆಯಲ್ಲಿ ಒಂಬತ್ತು ವರ್ಷದ ಹುಡುಗ ಬರೆದ ಚಿತ್ರ ಅದು. ಅಭಿಮಾನಿಗಳು ತಳಕ್ಕೆ ತಳ್ಳಿದ ಈ ಕಥೆ ಅಭಿಮಾನಿಗಳದ್ದೇ ಕಥೆ. ಅದಕ್ಕೇ ಅದನ್ನು ತಳದಲ್ಲಿಡಲು ನಾನು ಒಪ್ಪುವುದಿಲ್ಲ.

"ನಾವು ಮಾಡ್ತಿರೋದೂ ಅದೇ ಕಣೋ. ನೋಟ್‌ಬುಕ್ಕು, ನಿಯಮ, ಪಟ್ಟಿ."

"ಅದೆಲ್ಲ ಸರಿ ಚಿಕ್ಕಮ್ಮ. ಆದ್ರೆ ಕೊನೇಲಿ ಆ ಹುಡುಗೀನ ಫುಟ್‌ಪಾತ್ ಕಲ್ಲು ಮಾಡಿ, ಬರೀ ಮುಖ ಇಟ್ಕೊಂಡು, ಅವನು ಅದರ ಜೊತೆ ಸಂಸಾರ ಮಾಡ್ತಾನಲ್ಲ. ಅದಕ್ಕೇನ್ ಹೇಳ್ತೀಯ?"

ಅದಕ್ಕೆ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಅರ್ಧ ಅಂಕ ಕಳೆದಿದ್ದೇನೆ. ಅವನು ಎರಡು ಕೇಳುತ್ತಿದ್ದಾನೆ.